ಮೂವತ್ತೊಂದನೇ ನಂಬರಿನವನ ಶೂ

ನನಗೊಂದು ಚಾಳಿಯಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದು. ಕಾರಿನಲ್ಲಿ ಹೋಗುತ್ತಿದ್ದರೆ, "ಎಡಗಡೆ ಬಿಳಿ ಪಿಕಪ್ ಬಂತು, ಹಿಂದೆ ಎರಡು ನಾಯಿ ಕೂತಿವೆ, ಒಂದರ ಕಿವಿ ಗಾಳಿಗೆ ಮಗುಚಿಕೊಂಡಿದೆ" ಎನ್ನುತ್ತೇನೆ. ಯುಗಾದಿ ಊಟದ ಸಾಲಿನಲ್ಲಿ ನಿಂತರೆ, "ಹೋಳಿಗೆ ಟ್ರೇ ಅರ್ಧ ಖಾಲಿ, ನಮ್ಮ ಮುಂದೆ ಇನ್ನೂ ಹನ್ನೆರಡು ಜನ, ಆ ಹಸಿರು ಶರ್ಟಿನವರು ಮೂರು ಹಾಕಿಸ್ಕೊಂಡ್ರು" ಎನ್ನುತ್ತೇನೆ. ಅದು ಹಸಿರು ಶರ್ಟಿನವರಿಗೂ ಕೇಳಿಸುತ್ತದೆ.

"ರೀ, ದೇವರು ನಂಗೂ ಎರಡು ಕಣ್ಣು ಕೊಟ್ಟಿದಾನೆ," ಎನ್ನುತ್ತಾಳೆ ನನ್ನ ಹೆಂಡತಿ ಇಂದಿರಾ. "ಕ್ಯಾಟರಾಕ್ಟ್ ಆಪರೇಷನ್ ಆದ್ಮೇಲೆ ನಿಮಗಿಂತ ಚೆನ್ನಾಗೇ ಕಾಣತ್ತೆ."

ಚಾಳಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಫುಟ್‌ಬಾಲಿನಿಂದ ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ನನ್ನ ಮೈಕಟ್ಟು ಹಾಗಿದೆ. ಮೈಸೂರಿನಲ್ಲಿ ಓದುವಾಗ ನಾನು ಆಡಿದ ಆಟವೆಂದರೆ ಕೇರಂ ಒಂದೇ. ಅದರಲ್ಲೂ ಬೆರಳು ಉಳುಕಿಸಿಕೊಂಡಿದ್ದೇನೆ.

ಎಂಜಿನಿಯರಿಂಗ್ ಮುಂದಕ್ಕೆ ಓದಲು ಹೂಸ್ಟನ್‌ಗೆ ಬಂದಾಗ ನನಗೆ ಬಾಡಿಗೆಗೆ ರೂಮು ಕೊಟ್ಟವರು ಮಿಸ್ ಡೋರಾ ಎಂಬ ಮುದುಕಿ. ಎಪ್ಪತ್ತು ದಾಟಿತ್ತು, ಗಂಡ ತೀರಿಕೊಂಡಿದ್ದ. ಆದರೂ 'ಮಿಸ್' ಏಕೆಂದರೆ ಟೆಕ್ಸಸ್ಸಿನಲ್ಲಿ ಹಿರಿಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಕಾಲೇಜಿನ ಹಿಂದಿನ ಬೀದಿಯಲ್ಲಿ ಅವರ ಮರದ ಮನೆ. ನನ್ನ ಹೆಸರು ಮೂರ್ತಿ ಎಂದೆ. ಅವರು ಮರ್ಫಿ ಎಂದರು. ಎರಡು ಸಲ ತಿದ್ದಿ ಸುಮ್ಮನಾದೆ.

"ಮರ್ಫಿ, ನಿನ್ನ ಕಣ್ಣು ಚೆನ್ನಾಗಿದೆಯಾ?" ಎಂದು ಕೇಳಿದರು. ರೂಮು ಕೇಳಲು ಬಂದವನನ್ನು ಇದೇನು ಕೇಳುತ್ತಾರೆ ಅನ್ನಿಸಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡಿದ್ದ ನಾನು "ತುಂಬಾ ಚೆನ್ನಾಗಿದೆ" ಎಂದೆ. ನನ್ನ ಕನ್ನಡಕ ಅವರಿಗೆ ಕಾಣುವಂತಿರಲಿಲ್ಲ. ಗ್ಲಾಕೋಮಾ ಅವರ ಎರಡೂ ಕಣ್ಣುಗಳನ್ನು ತೆಗೆದುಕೊಂಡು ನಾಲ್ಕು ವರ್ಷವಾಗಿತ್ತು.

ಅವರ ಷರತ್ತು ಒಂದೇ. ಶನಿವಾರ ಕಾಲೇಜು ತಂಡದ ಮ್ಯಾಚ್ ಇದ್ದಾಗ ನಾನು ಜೊತೆಗೆ ಹೋಗಬೇಕು, ಪಕ್ಕದಲ್ಲಿ ಕೂತು ಏನಾಗುತ್ತಿದೆ ಎಂದು ಹೇಳಬೇಕು. ಗಂಡ ಬದುಕಿದ್ದಷ್ಟು ದಿನ ಆ ಮೈದಾನಕ್ಕೆ ಗೆರೆ ಬಳಿಯುವ ಕೆಲಸದಲ್ಲಿದ್ದನಂತೆ. ಎರಡು ಸೀಟು ಅವರ ಹೆಸರಿನಲ್ಲಿದ್ದವು. ರೇಡಿಯೋ ಕೇಳಬಹುದಲ್ಲ ಎಂದು ನಾನು ಬುದ್ಧಿವಂತನಂತೆ ಕೇಳಿದೆ.

"ರೇಡಿಯೋದವನಿಗೆ ಬಾಯಿ ದೊಡ್ಡದು, ಕಣ್ಣು ಸಣ್ಣದು," ಎಂದರು ಮಿಸ್ ಡೋರಾ.

ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಒದೆಯುವ ಆಟ ಎಂದುಕೊಂಡು ಹೋದೆ. ಇಲ್ಲಿ ಚೆಂಡನ್ನು ಮಗುವಿನ ಹಾಗೆ ಕಂಕುಳಲ್ಲಿಟ್ಟುಕೊಂಡು ಓಡುತ್ತಿದ್ದರು. ಆ ಚೆಂಡಾದರೂ ದುಂಡಗಿತ್ತೇ? ಅದೂ ಇಲ್ಲ. ಎರಡೂ ಕಡೆ ಚೂಪಾದ ತೆಂಗಿನಕಾಯಿಯಂತಿತ್ತು.

"ಏನಾಗ್ತಿದೆ?" ಮಿಸ್ ಡೋರಾ ಕೇಳಿದರು.

"ಎಲ್ಲರೂ ಬಗ್ಗಿ ನಿಂತಿದಾರೆ."

"ಆಮೇಲೆ?"

"ಎಲ್ಲರೂ ಬಿದ್ದರು."

"ಆಮೇಲೆ?"

"ಎದ್ದರು."

"ಮರ್ಫಿ, ಇಷ್ಟು ನನಗೂ ಕೇಳಿಸುತ್ತೆ."

ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದ ಕ್ಲಿಫ್ ಎಂಬಾತ ಗಹಗಹಿಸಿ ನಕ್ಕ. ನಲ್ಲಿ, ಪೈಪು ರಿಪೇರಿ ಮಾಡುವ ಕೆಲಸ ಅವನದು. ನನಗಿಂತ ಎರಡು ಮೂರು ವರ್ಷ ದೊಡ್ಡವನು. ಪ್ರತಿ ಮ್ಯಾಚಿಗೂ ಒಂದು ಚೀಲ ಬೇಯಿಸಿದ ಕಡಲೆಕಾಯಿ ತರುತ್ತಿದ್ದ. ಆ ಕಡಲೆಕಾಯಿಯ ದೆಸೆಯಿಂದಲೇ ನಾನು ಎರಡನೆಯ ಶನಿವಾರವೂ ಹೋದದ್ದು, ಈಗ ಒಪ್ಪಿಕೊಂಡರೆ ನಷ್ಟವಿಲ್ಲ.

ನಿಧಾನವಾಗಿ ಕಲಿತೆ. ಚೆಂಡು ಹಿಡಿದವನು ಎದುರಾಳಿಗಳ ಕೈಗೆ ಸಿಗದೆ ಕೊನೆಯ ಗೆರೆ ದಾಟಬೇಕು, ಅಷ್ಟೇ. ನಮ್ಮ ಕಬಡ್ಡಿಯ ದೊಡ್ಡಪ್ಪನ ಮಗ ಎಂದು ಅರ್ಥವಾದ ಮೇಲೆ ನಾಲಿಗೆ ಸಲೀಸಾಯಿತು. ಆದರೆ ನಾನು ಏನು ಹೇಳಿದರೂ ಮಿಸ್ ಡೋರಾ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಪಾದ? ಪಾದ ಏನು ಮಾಡಿತು?" ಮ್ಯಾಚ್ ಮುಗಿದ ಮೇಲೆ ಅವರ ಗಂಡ ಹುಲ್ಲಿನ ಮೇಲಿನ ಗುರುತು ನೋಡಿಕೊಂಡು ಬಂದು, ಯಾರು ಎಲ್ಲಿ ಜಾರಿದ, ಯಾರು ಎಲ್ಲಿ ತಿರುಗಿದ ಎಂದು ರಾತ್ರಿ ಊಟದ ಹೊತ್ತಿಗೆ ಹೇಳುತ್ತಿದ್ದನಂತೆ. "ಕೈ ಮೋಸ ಮಾಡುತ್ತೆ ಮರ್ಫಿ, ಕಣ್ಣೂ ಮೋಸ ಮಾಡುತ್ತೆ. ಪಾದ ಮಾತ್ರ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತೆ." ಹೀಗಾಗಿ ನಾನು ಕೆಳಗಡೆಯಿಂದ ನೋಡುವುದನ್ನು ಕಲಿತೆ. ಮುಖ ನೋಡಿದರೆ ಇಂದಿಗೂ ಒಬ್ಬ ಆಟಗಾರನನ್ನೂ ಗುರುತಿಸಲಾರೆ.

ನಮ್ಮ ತಂಡ ಯಾರಿಗೂ ಬೇಡದ ತಂಡ. ಟೆಕ್ಸಸ್ಸಿನಲ್ಲಿ ಶನಿವಾರ ಬಂತೆಂದರೆ ಎಲ್ಲರ ಕಣ್ಣೂ ಆಸ್ಟಿನ್‌ನ ದೊಡ್ಡ ತಂಡದ ಮೇಲೆ. ಟೀವಿಯೂ ಅಲ್ಲೇ, ಪತ್ರಿಕೆಯೂ ಅಲ್ಲೇ. ನಮ್ಮ ಸ್ಟೇಡಿಯಮ್ಮಿನಲ್ಲಿ ಜನ ಎಷ್ಟು ವಿರಳವಾಗಿದ್ದರೆಂದರೆ ಕೆಮ್ಮಿದವರು ಯಾರೆಂದು ತಿರುಗಿ ನೋಡದೆ ಹೇಳಬಹುದಿತ್ತು. ಅಂಥ ತಂಡ ನಾನಿದ್ದಾಗ ಮೂರು ವರ್ಷ ಗೆದ್ದಿತು. ನನ್ನಿಂದ ಗೆದ್ದಿತು ಎನ್ನುತ್ತಿಲ್ಲ. ನಾನಿದ್ದೆ, ಅದು ಗೆದ್ದಿತು, ಎರಡೂ ನಿಜ.

ಮೂವತ್ತೊಂದನೇ ನಂಬರಿನ ಲೂಥರ್ ನಮ್ಮ ಓಟಗಾರ. ನಾನು ಬಂದ ಎರಡನೆಯ ವರ್ಷ, ನವೆಂಬರಿನಲ್ಲಿ, ಡಲ್ಲಾಸ್‌ನಲ್ಲಿ ಕೊನೆಯ ಮ್ಯಾಚ್. ಗೆದ್ದರೆ ನಮ್ಮ ಗುಂಪಿಗೆ ನಾವೇ ಚಾಂಪಿಯನ್, ಕಾಲೇಜು ಹುಟ್ಟಿದ ಮೇಲೆ ಮೊದಲ ಸಲ. ಬಸ್ಸು ಗೊತ್ತು ಮಾಡಿಯಾಗಿತ್ತು. ಗುರುವಾರ ಮಿಸ್ ಡೋರಾ ಹಿತ್ತಲ ಮೆಟ್ಟಿಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ನಿಗೆ ಶನಿವಾರವೇ ಗೊತ್ತಾಯಿತು.

ಆಸ್ಪತ್ರೆಯ ಹಾಸಿಗೆಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡು ಹೇಳಿದರು. "ನೀನು ಹೋಗು. ಬಂದು ಹೇಳು. ಒಂದನ್ನೂ ಬಿಡಬಾರದು."

"ಒಂದನ್ನೂ ಬಿಡಲ್ಲ, ಮಿಸ್ ಡೋರಾ," ಎಂದೆ.

ಡಲ್ಲಾಸ್‌ನಲ್ಲಿ ಮಳೆ. ಮಳೆ ಎಂದರೆ ಮೂಳೆಯೊಳಗೆ ಇಳಿಯುವ ತಣ್ಣನೆಯ ಮಳೆ. ನಾನು ಅಮ್ಮ ಹೆಣೆದು ಕಳಿಸಿದ್ದ ಸ್ವೆಟರಿನಲ್ಲಿದ್ದೆ. ಅಮ್ಮ ಮೈಸೂರಿನ ಚಳಿಗೆ ಅಂದಾಜು ಮಾಡಿ ಹೆಣೆದದ್ದು. ಆದರೂ ಮೂರೂಕಾಲು ಗಂಟೆ ಅಲುಗದೆ ಕೂತೆ. ಪ್ರತಿ ಪಾದವನ್ನೂ ನೋಡಿದೆ, ತುಟಿಯಲ್ಲೇ ಹೇಳಿಕೊಂಡು ಬಾಯಿಪಾಠ ಮಾಡಿದೆ. ಕೊನೆಗೆ ನಾಲ್ಕು ಪಾಯಿಂಟಿನಿಂದ ನಾವು ಹಿಂದಿದ್ದೆವು. ಆಟ ಮುಗಿಯುವುದಕ್ಕೆ ಒಂದೆರಡು ನಿಮಿಷವಿತ್ತು. ನಮ್ಮವರು ಎಷ್ಟೋ ಜನ ಬಸ್ಸಿನ ಕಡೆ ಹೊರಟಿದ್ದರು. ಇನ್ನು ಆಗದು ಎಂದುಕೊಂಡೆ. ಕೈ ಸೆಟೆದುಕೊಂಡಿತ್ತು. ಒಂದು ಕಾಫಿ ಕುಡಿದು ಬಂದರಾಯಿತು ಎಂದು ಎದ್ದು ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದೆ.

ಕಪ್ಪು ಕೈಗೆ ಬಂದಿತ್ತಷ್ಟೇ, ತಲೆಯ ಮೇಲಿನ ಹಲಗೆಗಳು ಗುಡುಗಿದವು. ಓಡಿ ಹತ್ತಿದೆ. ಮೈದಾನದ ತುದಿಯಲ್ಲಿ ನಮ್ಮ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ರಾಶಿ ಬಿದ್ದಿದ್ದರು. ಕ್ಲಿಫ್ ನನ್ನನ್ನು ಅಪ್ಪಿಕೊಂಡ. ಕಾಫಿ ಅಮ್ಮನ ಸ್ವೆಟರ್ ಪಾಲಾಯಿತು.

"ಮೂವತ್ತೊಂದು! ಮೂವತ್ತೊಂದು!" ಎಂದು ಕಿರುಚುತ್ತಿದ್ದ.

"ಏನಾಯ್ತು?" ಎಂದೆ.

"ಏನಾಯ್ತು ಅಂತಾನೆ! ಇಲ್ಲೇ ಇದ್ದೆಯಲ್ಲೋ!"

"ಹೌದು ಹೌದು, ಇದ್ದೆ," ಎಂದೆ. ಕಾಫಿಗೆ ಹೋಗಿದ್ದೆ ಎಂದು ಆಗ ಹೇಳುವ ಧೈರ್ಯ ಯಾರಿಗಿರುತ್ತದೆ? ಹೂಸ್ಟನ್ ತಲುಪುವವರೆಗೂ ಬಸ್ಸಿನಲ್ಲಿ ಹಾಡಿದರು, ಕುಣಿದರು, ಅತ್ತರು. ಆ ಓಟ ಹೇಗಿತ್ತು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಎಲ್ಲರೂ ನೋಡಿದ್ದಾರಲ್ಲ, ಹೇಳುವುದೇನು?

ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಮಿಸ್ ಡೋರಾ ಬಿಳಿಚಿಕೊಂಡಿದ್ದರು. ಗೆದ್ದೆವೆಂದು ನರ್ಸ್ ಮೊದಲೇ ಹೇಳಿಬಿಟ್ಟಿದ್ದಳು. ಅದಕ್ಕೆ ಅವರಿಗೆ ಕೋಪ.

"ಮೊದಲಿಂದ ಹೇಳು," ಎಂದರು.

ಹೇಳಿದೆ. ಒಂದೂವರೆ ಗಂಟೆ ಹೇಳಿದೆ. ಒಂದು ಸುಳ್ಳಿಲ್ಲ, ಒಂದು ಜಾರಿಕೆ ಬಿಟ್ಟಿಲ್ಲ. ಕೊನೆಯ ಓಟ ಬಂತು. "ಮೂವತ್ತೊಂದು ಚೆಂಡು ಹಿಡಿದ, ಎಡಕ್ಕೆ ತಿರುಗಿದ, ಓಡಿದ..." ಎನ್ನುತ್ತ ದಾಟಿಸಿಬಿಡಲು ನೋಡಿದೆ.

"ಪಾದ?"

ತಲೆ ತಗ್ಗಿಸಿದೆ. ಕಂಡದ್ದು ನನ್ನದೇ ಕಾಲು, ಹಿಂದಿನ ದಿನದ ಕೆಸರು ಮೆತ್ತಿದ ಶೂ.

"ಶೂ ಕಳಚಿಕೊಳ್ತು, ಮಿಸ್ ಡೋರಾ. ಬಲಗಾಲಿಂದು. ಕೆಸರಲ್ಲಿ ಕಚ್ಚಿಕೊಳ್ತು. ಅವನು ಬಿಟ್ಟು ಓಡಿದ. ಇಪ್ಪತ್ತು ಗಜ. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ."

ಅವರು ನನ್ನ ಕಡೆ ಮುಖ ತಿರುಗಿಸಿದರು. "ಕಾಲುಚೀಲ ಯಾವ ಬಣ್ಣ?"

"ಬಿಳಿ. ಅಂದರೆ, ಮೊದಲು ಬಿಳಿ."

ಮಿಸ್ ಡೋರಾ ನಕ್ಕರು. ನಕ್ಕರೆ ಹೊಲಿಗೆ ನೋಯುತ್ತಿತ್ತು, ಆದರೂ ನಕ್ಕರು. ನರ್ಸ್ ಓಡಿ ಬಂದು ನನ್ನನ್ನು ಹೊರಗೆ ಕಳಿಸಿದಳು.

ಮರುದಿನ ಕ್ಲಿಫ್ ನೋಡಲು ಹೋದಾಗ ಅವರು ಶೂ ವಿಷಯ ಹೇಳಿದರಂತೆ. "ಶೂನಾ?" ಎಂದನಂತೆ ಕ್ಲಿಫ್. ಒಂದು ವಾರದ ಮೇಲೆ "ಹೌದು, ಏನೋ ಹಾರಿದ ಹಾಗಿತ್ತು" ಎಂದ. ಕ್ರಿಸ್‌ಮಸ್ ಹೊತ್ತಿಗೆ ಶೂ ಎಷ್ಟು ಎತ್ತರ ಹಾರಿತು ಎಂದು ಕೈ ಎತ್ತಿ ತೋರಿಸುತ್ತಿದ್ದ. ಬಸ್ಸಿಗೆ ಮೊದಲೇ ಹೋಗಿ ಕೂತಿದ್ದವರೂ ಅದನ್ನು ಕಂಡಿದ್ದರು. ಆ ದಿನ ಟೀವಿ ಕ್ಯಾಮೆರಾ ಒಂದೂ ಅತ್ತ ಸುಳಿದಿರಲಿಲ್ಲ. ಪತ್ರಿಕೆಯಲ್ಲಿ ಟಯರ್ ಜಾಹೀರಾತಿನ ಕೆಳಗೆ ನಾಲ್ಕು ಸಾಲು ಬಂತು, ಅಷ್ಟೇ. ಹಾಗಾಗಿ ನನ್ನ ಶೂವನ್ನು ತಡೆಯುವವರು ಯಾರೂ ಇರಲಿಲ್ಲ.

ಮಿಸ್ ಡೋರಾ ಕೋಲು ಹಿಡಿದು ಮತ್ತೆ ಸ್ಟೇಡಿಯಮ್ಮಿಗೆ ಬಂದರು. ಇನ್ನೂ ಎರಡು ವರ್ಷ ನಾನು ಅವರ ಪಕ್ಕ ಕೂತೆ. ನನಗೆ ಕೆಲಸ ಸಿಕ್ಕಿ, ಇಂದಿರಾ ಮದುವೆಯಾಗಿ ಬಂದಾಗ ಮೊದಲು ಕರೆದುಕೊಂಡು ಹೋದದ್ದು ಅವರ ಮನೆಗೆ. ಇಂದಿರಾಳ ಬಳೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ, "ಇವನ ಮಾತು ಕೇಳು ಮಗಳೇ, ಚೆನ್ನಾಗಿ ಹೇಳ್ತಾನೆ" ಎಂದಿದ್ದರು. ಮಾರನೆಯ ಚಳಿಗಾಲ ತೀರಿಕೊಂಡರು. ಕೋಚು ಬೇರೆ ಊರಿಗೆ ಹೋದ, ತಂಡ ಮತ್ತೆ ಸೋಲುವುದನ್ನು ರೂಢಿ ಮಾಡಿಕೊಂಡಿತು. ಸ್ಟೇಡಿಯಂ ಕೆಡವಿ ಪಾರ್ಕಿಂಗ್ ಮಾಡಿದರು. ನನ್ನ ಮಗಳು ಅಪರ್ಣಾ ಇರುವುದು ಆಸ್ಟಿನ್‌ನಲ್ಲಿ. ಅಳಿಯ ದೊಡ್ಡ ತಂಡದ ಭಕ್ತ. ನಮ್ಮ ತಂಡದ ಕಥೆ ಶುರು ಮಾಡಿದರೆ ಮೊಮ್ಮಗಳು "ತಾತ, ವಾಸ್ ದಟ್ ಎ ರಿಯಲ್ ಟೀಮ್?" ಎನ್ನುತ್ತಾಳೆ.

ರಿಯಲ್ಲೇ. ಸಾಕ್ಷಿಗೆ ನಾವು ಐದು ಜನ ಉಳಿದಿದ್ದೇವೆ. ವರ್ಷಕ್ಕೊಮ್ಮೆ ಹೂಸ್ಟನ್ನಿನ ಒಂದು ಹಳೆಯ ಡೈನರಿನಲ್ಲಿ ಮಧ್ಯಾಹ್ನ ಊಟಕ್ಕೆ ಸೇರುತ್ತೇವೆ. ಅವರು ಮಾಂಸದ ಪರ್ವತಗಳನ್ನು ಕರಗಿಸುವಾಗ ನಾನು ಗ್ರಿಲ್ಡ್ ಚೀಸ್ ತಿನ್ನುತ್ತೇನೆ. ಪ್ರತಿ ವರ್ಷವೂ ಶೂ ಕಥೆ ಬರುತ್ತದೆ, ಹೇಳುವವನು ಕ್ಲಿಫ್. ನಾನು ತಟ್ಟೆ ನೋಡುತ್ತಿರುತ್ತೇನೆ. ಮಿಸ್ ಡೋರಾ ಇಲ್ಲದ ಮೇಲೆ ಅದು ಸುಳ್ಳು ಎಂದರೆ ಯಾರಿಗೇನು ಲಾಭ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಈ ವರ್ಷ ಕ್ಲಿಫ್ ಫೋನ್ ಮಾಡಿದ. "ಮರ್ಫಿ, ಯಾರು ಬರ್ತಿದಾರೆ ಗೊತ್ತಾ? ಲೂಥರ್! ಡಲ್ಲಾಸ್‌ನಲ್ಲಿ ಮೇಷ್ಟರಾಗಿ ರಿಟೈರ್ ಆಗಿದಾನಂತೆ. ನಮ್ಮ ಜೊತೆ ಊಟಕ್ಕೆ ಬರ್ತಾನೆ!"

ಆ ಶನಿವಾರ ಬೆಳಿಗ್ಗೆ ನನಗೆ ಮಂಡಿನೋವು ಬಂತು.

"ಯಾವ ಮಂಡಿ?" ಎಂದಳು ಇಂದಿರಾ.

"ಎರಡೂ."

ಹೂಸ್ಟನ್ ಹೊರವಲಯದ ಸೈಪ್ರೆಸ್‌ನಲ್ಲಿರುವ ನಮ್ಮ ಮನೆಯ ಅಡಿಗೆ ಕೋಣೆಯಲ್ಲಿ ಅವಳು ಒಗ್ಗರಣೆ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ನೋಟದೆದುರು ಮಂಡಿನೋವು ನಿಲ್ಲುವುದಿಲ್ಲ. ಎಲ್ಲ ಹೇಳಿದೆ. ಕಾಫಿ, ಕಪ್ಪು, ಶೂ, ಕಾಲುಚೀಲ.

"ಅಂದ್ರೆ, ಮದುವೆಯಾದ ಹೊಸದ್ರಲ್ಲಿ ನಮ್ಮಪ್ಪನ ಮುಂದೆ ಕೂತು ಅಷ್ಟು ರಸವತ್ತಾಗಿ ಹೇಳಿದ್ರಲ್ಲ, ಅದೂ ಸುಳ್ಳು?"

"ಕೊನೆ ಓಟ ಮಾತ್ರ."

"ಕಣ್ಣಿಲ್ಲದ ಮುದುಕಿಗೆ ಸುಳ್ಳು ಹೇಳಿದ್ರಾ? ನಿಮ್ಮನ್ನ ನಂಬಿ ಕಳ್ಸಿದ್ರು ಅವ್ರು."

ನಲವತ್ತು ವರ್ಷ ನಾನೂ ನನ್ನನ್ನು ಇದನ್ನೇ ಕೇಳಿಕೊಂಡಿದ್ದೆ.

"ಹೊರಡಿ," ಎಂದಳು. "ನಾನೂ ಬರ್ತೀನಿ. ಅಲ್ಲಿ ಹೇಳಿಬಿಡಿ. ಇಷ್ಟು ವಯಸ್ಸಾದ್ಮೇಲೆ ಇನ್ನೂ ಅದನ್ನ ಹೊತ್ಕೊಂಡು ಓಡಾಡೋದು ಚೆನ್ನಾಗಿರಲ್ಲ."

ಲೂಥರ್ ನಮಗಿಂತ ಮೊದಲೇ ಬಂದು ಕೂತಿದ್ದ. ಭಾರಿ ಆಳು, ತಲೆ ಪೂರ್ತಿ ಬೆಳ್ಳಗೆ, ಮೆಲುದನಿ. ಇಂದಿರಾ ಮೇಜಿನ ಹತ್ತಿರ ಹೋದಾಗ ಕಷ್ಟಪಟ್ಟು ಎದ್ದು ನಿಂತು ಅವಳಿಗೆ ಕುರ್ಚಿ ಎಳೆದುಕೊಟ್ಟ. ತಟ್ಟೆಗಳು ಬರುವವರೆಗೂ ಕ್ಲಿಫ್ ತಡೆದುಕೊಂಡದ್ದೇ ಹೆಚ್ಚು.

"ಒಂದು ವ್ಯಾಜ್ಯ ಬಗೆಹರಿಸಿಬಿಡು ಲೂಥರ್. ಡಲ್ಲಾಸ್ ಮ್ಯಾಚಿನ ಶೂ. ಯಾವ ಕಾಲಿಂದು? ನಾನು ಎಡ ಅಂತೀನಿ. ಈ ಮರ್ಫಿ ಯಾವಾಗಲೂ ಬಾಯಿ ಬಿಡಲ್ಲ."

ಲೂಥರ್ ಒಮ್ಮೆ ಎಲ್ಲರ ಮುಖ ನೋಡಿದ. "ಎಡ," ಎಂದ.

ಕ್ಲಿಫ್ ಮೇಜು ಗುದ್ದಿದ. ನಾನು ಕಟ್ಟಿದ ಶೂ ಇವನ ಕಾಲಿನಿಂದ ನಿಜವಾಗಿ ಕಳಚಿತ್ತೇ? ಸುಮ್ಮನಿದ್ದುಬಿಡಬಹುದಿತ್ತು. ಇಂದಿರಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ನಾನು ಆ ಓಟ ನೋಡಲೇ ಇಲ್ಲ," ಎಂದೆ. "ಕಾಫಿ ತರೋಕೆ ಹೋಗಿದ್ದೆ. ಮಿಸ್ ಡೋರಾ ಪಾದ ಏನು ಮಾಡಿತು ಅಂತ ಕೇಳಿದರು. ಶೂ ಕಳಚಿತು ಅಂತ ನಾನೇ ಕಟ್ಟಿ ಹೇಳಿದೆ. ಕ್ಲಿಫ್, ನನ್ನನ್ನ ಕ್ಷಮಿಸು."

"ಅದು ಹೇಗೆ ಸಾಧ್ಯ? ನಾನು ಕಣ್ಣಾರೆ ನೋಡಿದೀನಿ!" ಕ್ಲಿಫ್ ಕೆಂಪಗಾದ. ಉಳಿದ ಮೂವರು ಫೋರ್ಕ್ ಕೆಳಗಿಟ್ಟರು.

ಲೂಥರ್‌ನ ಹೆಗಲು ಕುಲುಕತೊಡಗಿತು. ನಗುತ್ತಿದ್ದಾನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನ್ಯಾಪ್‌ಕಿನ್ನಿನಿಂದ ಕಣ್ಣೊರೆಸಿಕೊಂಡ.

"ಎರಡೂ ಶೂ ಕಾಲಲ್ಲೇ ಇದ್ದವು," ಎಂದ. "ಓಟ ನಾನೂ ನೋಡಿಲ್ಲ. ಚೆಂಡು ಕೈಗೆ ಬಂದಾಗಲೇ ಯಾರದೋ ಕಾಲಿನ ಕೆಸರು ಎರಡೂ ಕಣ್ಣಿಗೆ ಬಿತ್ತು. ಏನೂ ಕಾಣಲಿಲ್ಲ. ನಿಮ್ಮ ಗಲಾಟೆ ಎತ್ತ ಕಡೆಯಿಂದ ಕೇಳಿಸಿತೋ ಅತ್ತ ಓಡಿದೆ. ಎಲ್ಲರೂ ಮೈಮೇಲೆ ಬಿದ್ದಾಗಲೇ ಗೊತ್ತಾದದ್ದು ಗೆರೆ ದಾಟಿದೆ ಅಂತ."

"ಹಾಗಾದರೆ ಎಡ ಅಂದದ್ದು?" ಎಂದೆ.

"ಮಾರನೆಯ ವರ್ಷ ಹೂಸ್ಟನ್ನಿನಲ್ಲಿ ದಿನಸಿ ಅಂಗಡಿಯಲ್ಲಿ ನಿಂತಿದ್ದೆ. ಕ್ಯಾಶಿಯರ್ ನನ್ನ ಹೆಸರು ಕೂಗಿದ. ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಮುದುಕಿ, ಕೋಲು ಹಿಡಿದಿದ್ದರು. ಗಬಕ್ಕನೆ ನನ್ನ ಕೈ ಹಿಡಿದರು. 'ಲೂಥರ್, ಡಲ್ಲಾಸ್‌ನಲ್ಲಿ ಯಾವ ಕಾಲಿನ ಶೂ ಬಿತ್ತು?' ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಆದರೆ ಅವರ ಮುಖ ನೋಡಿ ಇಲ್ಲ ಅನ್ನೋಕೆ ಆಗಲಿಲ್ಲ. ಎಡ ಅಂದೆ. ಒಂದು ಸಲ ಅಂದಮೇಲೆ ಅದನ್ನೇ ನಡೆಸಿಕೊಂಡು ಬಂದೆ."

"ಅವರು ಏನಂದರು?" ಎಂದೆ.

"ನಕ್ಕರು. 'ಮರ್ಫಿ ಬಲ ಅಂದ, ನೀನು ಎಡ ಅಂತೀಯ. ಇಬ್ಬರಲ್ಲಿ ಒಬ್ಬನಂತೂ ಸುಳ್ಳುಗಾರ, ಇಬ್ಬರೂ ಆಗಿದ್ದರೂ ಆಶ್ಚರ್ಯವಿಲ್ಲ' ಅಂದರು. ನನ್ನ ಕೈ ತಟ್ಟಿದರು. 'ಇರಲಿ ಬಿಡು. ಆಸ್ಪತ್ರೆಯಲ್ಲಿ ನಗೋಕೆ ಇನ್ನೇನೂ ಇರಲಿಲ್ಲ' ಅಂದು ಹೊರಟುಹೋದರು. ಈ ಮರ್ಫಿ ಯಾರೋ ಅಂತ ಇಷ್ಟು ವರ್ಷ ಯೋಚನೆ ಮಾಡಿದೀನಿ."

ನಾನು ಲೆಕ್ಕ ಹಾಕುತ್ತಿದ್ದೆ. ಮಾರನೆಯ ವರ್ಷ ಎಂದರೆ, ಅದಾದ ಮೇಲೂ ಎಷ್ಟೋ ಶನಿವಾರ ಮಿಸ್ ಡೋರಾ ನನ್ನ ತೋಳು ಹಿಡಿದು ಆ ಮೆಟ್ಟಿಲು ಹತ್ತಿದ್ದಾರೆ. ನನ್ನನ್ನು ಬಿಟ್ಟು ಬೇರೆಯವರನ್ನು ಕರೆದುಕೊಂಡು ಹೋಗಬಹುದಿತ್ತು. ಹಾಗೆ ಮಾಡದೆ ಪಕ್ಕದಲ್ಲಿ ಕೂತು, ಮುಖ ನನ್ನ ಕಡೆ ತಿರುಗಿಸಿ, "ಏನಾಗ್ತಿದೆ, ಹೇಳು" ಎಂದಿದ್ದಾರೆ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ್ದಾರೆ. ಇಂದಿರಾಳಿಗೆ "ಚೆನ್ನಾಗಿ ಹೇಳ್ತಾನೆ" ಎಂದಿದ್ದಾರೆ. ಎಲ್ಲ ಗೊತ್ತಿದ್ದೇ ಎಂದಿದ್ದಾರೆ. ಕನ್ನಡಕ ತೆಗೆದು ಒರೆಸಿಕೊಂಡೆ. ಇಂದಿರಾ ತನ್ನ ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು.

ಕ್ಲಿಫ್ ಮಾತ್ರ ಇನ್ನೂ ಉಬ್ಬಿಕೊಂಡೇ ಕೂತಿದ್ದ. ಕಾಫಿ ತುಂಬಲು ಬಂದ ಹುಡುಗಿಯನ್ನು ತಡೆದು ನಿಲ್ಲಿಸಿದ.

"ನೋಡಮ್ಮ, ಈ ಮನುಷ್ಯ ಡಲ್ಲಾಸ್‌ನಲ್ಲಿ ನಮ್ಮನ್ನ ಚಾಂಪಿಯನ್ ಮಾಡಿದವನು. ಮರ್ಫಿ ಬಲ ಅಂದಿದಾನೆ, ಲೂಥರ್ ಎಡ ಅಂದಿದಾನೆ. ಅಂದರೆ ಎರಡೂ ಶೂ ಹೋಗಿದ್ದವು. ಬರಿಗಾಲಲ್ಲಿ ಓಡಿದ. ನಾನೇ ನೋಡಿದೀನಿ."

ಹುಡುಗಿ ಲೂಥರ್‌ನ ಕಡೆ ತಿರುಗಿ, "ನಿಜವಾಗಲೂ ಸರ್?" ಎಂದಳು.

"ಚಳಿ ಬಹಳ ಇತ್ತು ಮಗಳೇ," ಎಂದ ಲೂಥರ್ ಗಂಭೀರವಾಗಿ.

ಮನೆಗೆ ಹಿಂತಿರುಗುವಾಗ ಇಂದಿರಾ ಹೈವೇ ಹತ್ತುವ ಮೊದಲೇ ಆಸ್ಟಿನ್‌ಗೆ ಫೋನ್ ಹಚ್ಚಿದಳು. ಇನ್ನು ನನ್ನ ಮಾನ ಮಗಳು ಅಳಿಯನ ಮುಂದೆ ಹರಾಜಾಗುತ್ತದೆಂದು ಸ್ಟಿಯರಿಂಗ್ ಬಿಗಿಯಾಗಿ ಹಿಡಿದುಕೊಂಡೆ.

"ಅಪರ್ಣಾ, ಸ್ಪೀಕರ್‌ಗೆ ಹಾಕು, ನಿನ್ನ ಗಂಡನೂ ಕೇಳ್ಲಿ," ಎಂದಳು. "ಅಪ್ಪನ ಟೀಮ್ ಇತ್ತಲ್ಲ, ಹೂಸ್ಟನ್ನಿಂದು? ಆ ಲೂಥರ್ ಅನ್ನೋರನ್ನ ಇವತ್ತು ನೋಡಿ ಬಂದೆ ಕಣೆ. ಡಲ್ಲಾಸ್ ಮಳೇಲಿ, ಕಣ್ತುಂಬ ಕೆಸರು, ಏನೂ ಕಾಣ್ತಿರಲಿಲ್ವಂತೆ. ಬರಿಗಾಲಲ್ಲಿ ಓಡಿ ಗೆದ್ರಂತೆ."

"ಬರಿಗಾಲಲ್ಲಿ? ಅಮ್ಮ, ಕಮಾನ್!"

"ಎರಡು ಕಾಲಲ್ಲೂ ಶೂ ಇರಲಿಲ್ಲ," ಎಂದಳು ಇಂದಿರಾ, ನನ್ನ ಕಡೆ ತಿರುಗಿಯೂ ನೋಡದೆ. "ಬೇಕಾದ್ರೆ ನಿಮ್ಮಪ್ಪನ್ನ ಕೇಳು. ಅವರು ಅಲ್ಲೇ ಇದ್ರು."